ಶಾಲೆಯಲ್ಲಿ ಹಿಸ್ಪ್ಯಾನಿಕ್ ತಿಂಗಳು ಮಾಡಿಸೋದು ಹೇಗೆ: ಸೊಂಬ್ರೆರೊ ಟೋಪಿ ಕೊಳ್ಳುವ ಮೊದಲು ಓದಿ

ನಾನು ಈ ಕೆಲಸಕ್ಕೆ ಸಿಕ್ಕಿಬಿದ್ದದ್ದು ದೀಪಾವಳಿಯಿಂದ. ನನ್ನ ಮಗಳು ಓದೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳ, ಒಂದು ಸರ್ಕಾರಿ ಶಾಲೆಯಲ್ಲಿ. ಒಂದು ವರ್ಷ ಅಲ್ಲಿ ಮಕ್ಕಳ ಕೈಲಿ ರಂಗೋಲಿ ಹಾಕಿಸಿದೆ. ಎಲ್ಲರಿಗೂ ಖುಷಿಯಾಯಿತು. ಮರುವರ್ಷ ಆಗಸ್ಟಿನ ಪಿಟಿಎ (ಪೋಷಕರು-ಶಿಕ್ಷಕರ ಸಂಘ) ಮೀಟಿಂಗಿನಲ್ಲಿ, ಸೆಪ್ಟೆಂಬರಿನ ಹಿಸ್ಪ್ಯಾನಿಕ್ ಹೆರಿಟೇಜ್ ತಿಂಗಳನ್ನೂ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರ ಪರಂಪರೆಯ ಆಚರಣೆ) ನೀವೇ ನೋಡ್ಕೊಳ್ಳಿ, ಈ ಕಲ್ಚರ್ ಕೆಲಸ ನಿಮಗೆ ಚೆನ್ನಾಗಿ ಬರುತ್ತೆ ಅಂದರು. ಆಗ ನನಗೆ ಬರುತ್ತಿದ್ದ ಸ್ಪ್ಯಾನಿಷ್ ಎರಡೇ ಮಾತು: ಓಲಾ, ಗ್ರಾಸಿಯಾಸ್. ಆದರೂ ಬೇಡ ಅನ್ನೋಕೆ ಆಗದೆ ತಲೆಯಾಡಿಸಿ ಬಂದೆ.

ಆ ವರ್ಷ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಪಾರ್ಟಿ ಸಾಮಾನಿನ ಅಂಗಡಿಗೆ ಹೋಗಿ ಮೆಕ್ಸಿಕೊದ ಅಗಲದ ಸೊಂಬ್ರೆರೊ ಟೋಪಿ, ಅಂಟಿಸಿಕೊಳ್ಳೋ ಮೀಸೆ, ಕಳ್ಳಿಗಿಡದ ಬಲೂನು ತಂದೆ. ಒಂದು ದೊಡ್ಡ ಬ್ಯಾನರ್ ಬರೆಸಿದೆ. ಅದರಲ್ಲಿ 'ವರ್ಷ' ಅನ್ನೋ ಸ್ಪ್ಯಾನಿಷ್ ಪದ ಇತ್ತು, ಆನ್ಯೊ ಅಂತ. ಆ ಪದದ ನಡುವಿನ ಅಕ್ಷರದ ತಲೆ ಮೇಲೆ ಒಂದು ಪುಟ್ಟ ಅಲೆ ಇರಬೇಕು. ನಾನು ಬಿಟ್ಟಿದ್ದೆ. ಅಲೆ ಇಲ್ಲದಿದ್ದರೆ ಪದ ಆನೊ ಆಗಿ, ವರ್ಷ ಹೋಗಿ ಗುದದ್ವಾರ ಅಂತಾಗುತ್ತೆ. ಕೆಫೆಟೇರಿಯಾದ ಅಡುಗೆಯವರು ನೋಡಿ ಬಿದ್ದು ಬಿದ್ದು ನಕ್ಕರು. ಒಬ್ಬರು ಕಪ್ಪು ಮಾರ್ಕರ್ ತಂದು ಕುರ್ಚಿ ಹತ್ತಿ ಸರಿಮಾಡಿದರು.

ಅದು ನಗುವ ವಿಷಯ. ನಗಲಾರದ್ದು ಇನ್ನೊಂದಿತ್ತು. ತಟ್ಟೆ ಜೋಡಿಸೋಕೆ ಬಂದಿದ್ದ ಒಬ್ಬ ತಾಯಿ ಟೋಪಿಗಳನ್ನು ನೋಡಿ ಮೆಲ್ಲಗೆ ಹೇಳಿದರು: "ನಾವು ಗ್ವಾಟೆಮಾಲಾದವರು. ನಮ್ಮೂರಲ್ಲಿ ಇದನ್ನು ಯಾರೂ ಹಾಕಲ್ಲ." ಅವರ ಅತ್ತೆಗೆ ಸ್ಪ್ಯಾನಿಷ್ ಕೂಡ ಎರಡನೇ ಭಾಷೆಯಂತೆ. ಮನೆಮಾತು ಕಿಚೆ, ಮಾಯಾ ಜನರ ಭಾಷೆಗಳಲ್ಲಿ ಒಂದು. ನನಗೆ ಮುಖಕ್ಕೆ ನೀರು ಚಿಮುಕಿಸಿದ ಹಾಗಾಯಿತು. ಇಂಡಿಯಾದವರಾ, ಹಾಗಾದ್ರೆ ಹಿಂದಿ ಮಾತಾಡಿ ಅನ್ನೋರ ಮೇಲೆ ಇಷ್ಟು ವರ್ಷ ಸಿಡುಕಿದವಳು ನಾನು. ಅದನ್ನೇ ಇನ್ನೊಬ್ಬರಿಗೆ ಮಾಡಿ ಕೂತಿದ್ದೆ.

ಹಾಗಾಗಿ ಮೊದಲ ಕೆಲಸ: ನಿಮ್ಮ ಶಾಲೆಯಲ್ಲಿ ಇರೋರು ಯಾರು ಅಂತ ತಿಳಿದುಕೊಳ್ಳಿ. ಸ್ಪ್ಯಾನಿಷ್ ಮಾತಿನ ನಾಡುಗಳಿಗೆ ಸೇರಿದವರು ಹಿಸ್ಪ್ಯಾನಿಕ್. ಲ್ಯಾಟಿನ್ ಅಮೆರಿಕದವರು ಲ್ಯಾಟಿನೊ. ಎರಡೂ ಒಂದೇ ಅಲ್ಲ. ಬ್ರೆಜಿಲ್‌ನವರು ಮಾತಾಡೋದು ಪೋರ್ಚುಗೀಸ್, ಅವರು ಲ್ಯಾಟಿನೊ, ಆದರೆ ಸಾಮಾನ್ಯವಾಗಿ ಹಿಸ್ಪ್ಯಾನಿಕ್ ಅನ್ನಲ್ಲ. ಸ್ಪೇನ್‌ನವರದ್ದು ಇದರ ಉಲ್ಟಾ. ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಅವರನ್ನು ಯಾವಾಗ ಈ ದೇಶಕ್ಕೆ ಬಂದಿರಿ ಅಂತ ಕೇಳಿದರೆ ನಿಮಗೇ ಮುಜುಗರ. ಇನ್ನು ಕ್ಯಾಲಿಫೋರ್ನಿಯಾ 1848ರ ತನಕ ಮೆಕ್ಸಿಕೊದ ಭಾಗವೇ ಆಗಿತ್ತು. ಕೆಲವು ಮನೆತನದವರು ಎಲ್ಲಿಂದಲೂ ಬಂದಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು.

ತಿಳಿದುಕೊಳ್ಳೋದು ಹೇಗೆ? ಮಕ್ಕಳ ಫೋಲ್ಡರಿನಲ್ಲಿ ಮನೆಗೆ ಒಂದು ಚೀಟಿ ಕಳಿಸಿ. ಒಂದು ಬದಿ ಇಂಗ್ಲಿಷ್, ಒಂದು ಬದಿ ಸ್ಪ್ಯಾನಿಷ್. ಸ್ಪ್ಯಾನಿಷ್ ಬದಿಯನ್ನು ಫೋನಿನಲ್ಲಿ ಅನುವಾದ ಮಾಡಿ ಹಾಗೇ ಅಚ್ಚು ಹಾಕಬೇಡಿ. ಬಲ್ಲವರಿಗೆ ಒಮ್ಮೆ ತೋರಿಸಿ, ನನ್ನ ಬ್ಯಾನರ್ ನೆನಪಿರಲಿ. ನಮ್ಮ ಚೀಟಿಯಲ್ಲಿ ಮೂರೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಮಕ್ಕಳು ಯಾವ ಆಟ ಆಡ್ತಾರೆ? ಅಜ್ಜಿ-ತಾತ ಹೇಳೋ ಕತೆ, ಹಾಡು ಯಾವುದು? ನೀವು ಬಂದು ಏನಾದರೂ ತೋರಿಸ್ತೀರಾ, ಅಥವಾ ಸುಮ್ನೆ ಬಂದು ನೋಡ್ತೀರಾ? ಕೊನೆಯ ಪ್ರಶ್ನೆಯ ಎರಡನೇ ಭಾಗ ಮುಖ್ಯ. ನೋಡೋಕೆ ಬಂದವರಲ್ಲಿ ಅರ್ಧ ಜನ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಕೈ ಹಾಕಿರ್ತಾರೆ.

ಊರು, ದೇಶ, ಕಾಗದಪತ್ರ ಇದ್ಯಾವುದನ್ನೂ ಕೇಳಬೇಡಿ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೆಕ್ಸಾಸ್‌ನ ಪ್ಲೈಲರ್ ಕೇಸಿನಲ್ಲಿ, ಈ ದೇಶದಲ್ಲಿರಲು ಕಾಗದ ಇಲ್ಲ ಅನ್ನೋ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿದೆ. ಆದರೂ ಹೆದರಿಕೆ ಇದೆ. ಶಾಲೆ, ಚರ್ಚು, ಆಸ್ಪತ್ರೆಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕೈ ಹಾಕದಂತೆ ತಡೆದಿದ್ದ ನಿಯಮವನ್ನು 2025ರ ಜನವರಿಯಲ್ಲಿ ತೆಗೆದರು. ಅಂದಿನಿಂದ ಹೆದರಿಕೆ ಜಾಸ್ತಿ. ನಮ್ಮ ಶಾಲೆಯಲ್ಲಿ ಒಳಗೆ ಬರುವವರ ಐಡಿ ಕಾರ್ಡನ್ನು ಮಷಿನ್ನಿಗೆ ಹಾಕುತ್ತಾರೆ. ಬರ್ತೀನಿ ಅಂದಿದ್ದ ಒಬ್ಬರು ಆ ಮಷಿನ್ ನೋಡಿ ಗೇಟಿನಿಂದಲೇ ತಿರುಗಿ ಹೋದರು. ಆಮೇಲೆ ನಾವು ಆಫೀಸಿನಲ್ಲಿ ಕೇಳಿ, ಯಾವ ಕಾರ್ಡು ನಡೆಯುತ್ತೆ, ಆ ಮಾಹಿತಿ ಎಲ್ಲಿಗೆ ಹೋಗುತ್ತೆ ಅಂತ ಚೀಟಿಯಲ್ಲೇ ಎರಡು ಸಾಲು ಬರೆದೆವು. ಫೋಟೋ ವಿಷಯವೂ ಅಷ್ಟೆ. ಮುಖ ಕಾಣುವ ಚಿತ್ರ ವಾಟ್ಸಾಪಿಗೂ ಬೇಡ, ಫೇಸ್‌ಬುಕ್ಕಿಗೂ ಬೇಡ. ಕೈ, ಬಣ್ಣ, ಕಾಗದ, ಇವುಗಳ ಫೋಟೋ ತೆಗೆದರೆ ಸಾಕು.

ದಿನಾಂಕದ ಮಾತು ಬೇಗ ಮುಗಿಸುತ್ತೇನೆ. ಇದು ತಿಂಗಳ ನಡುವೆ ಶುರುವಾಗುವ ವಿಚಿತ್ರ ತಿಂಗಳು: ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15. 1968ರಲ್ಲಿ ಅಧ್ಯಕ್ಷ ಜಾನ್ಸನ್ ಕಾಲದಲ್ಲಿ ಒಂದು ವಾರ ಅಂತ ಶುರುವಾಗಿ, 1988ರಲ್ಲಿ ರೇಗನ್ ಕಾಲದಲ್ಲಿ ತಿಂಗಳಾಯಿತು. ಕೋಸ್ಟಾ ರಿಕಾ, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ ಈ ಐದಕ್ಕೂ ಸೆಪ್ಟೆಂಬರ್ 15 ಸ್ವಾತಂತ್ರ್ಯದ ದಿನ, 1821ರದ್ದು. ಮೆಕ್ಸಿಕೊದ್ದು ಮರುದಿನ, ಚಿಲಿಯದ್ದು 18ಕ್ಕೆ. ಮೇ 5ರ ಸಿಂಕೊ ದೆ ಮಾಯೊ ಮೆಕ್ಸಿಕೊದ ಸ್ವಾತಂತ್ರ್ಯ ದಿನ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು 1862ರಲ್ಲಿ ಪ್ಯೂಬ್ಲಾದಲ್ಲಿ ಫ್ರೆಂಚರ ಸೈನ್ಯವನ್ನು ಸೋಲಿಸಿದ ದಿನ. ಪೋಸ್ಟರಿನಲ್ಲಿ ಈ ತಪ್ಪು ಹಾಕಿದರೆ ಮೂರನೇ ಕ್ಲಾಸಿನ ಮಕ್ಕಳೇ ತಿದ್ದುತ್ತಾರೆ.

ಶಾಲೆ ತೆರೆದ ವಾರವೇ ಅನುಮತಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಜೊತೆ ಪದೇ ಪದೇ ಕೆಲಸ ಮಾಡೋ ವಾಲಂಟಿಯರ್‌ಗಳಿಗೆ ಟಿಬಿ ತಪಾಸಣೆಯ ಕಾಗದ ಬೇಕು, ಅದಕ್ಕೆ ದಿನ ಹಿಡಿಯುತ್ತೆ. ಸೆಪ್ಟೆಂಬರ್ 10ಕ್ಕೆ ಓಡಾಡಿದರೆ ಆಗಲ್ಲ.

ಈಗ ಏನು ಮಾಡಿಸೋದು ಅನ್ನೋ ವಿಷಯ. ನಮ್ಮಲ್ಲಿ ಚೆನ್ನಾಗಿ ನಡೆದದ್ದು ಮೂರು.

ಚಿಕ್ಕ ಮಕ್ಕಳಿಗೆ ಊರಿನ ಹೆಸರಿನ ಆಟ. ಗೋಡೆಗೆ ಬೇ ಏರಿಯಾದ ದೊಡ್ಡ ನಕ್ಷೆ ಹಾಕಿ. ಮಕ್ಕಳು ದಿನಾ ಬಾಯಲ್ಲಿ ಆಡಿಸೋ ಹೆಸರುಗಳಿಗೆ ಚಿತ್ರ ಬರೆದು ಅಂಟಿಸಲಿ. ಲಾಸ್ ಗಾಟೊಸ್ ಅಂದರೆ ಬೆಕ್ಕುಗಳು. ಪಾಲೊ ಆಲ್ಟೊ ಅಂದರೆ ಎತ್ತರದ ಮರ. ಲಾಸ್ ಆಲ್ಟೊಸ್ ಅಂದರೆ ಎತ್ತರದ ಜಾಗ. ಮಿಲ್ಪಿಟಾಸ್ ಅಂದರೆ ಪುಟ್ಟ ಪುಟ್ಟ ಮುಸುಕಿನ ಜೋಳದ ಹೊಲಗಳು. ಇದರ ಬೇರು 'ಮಿಲ್ಪಾ', ಸ್ಪ್ಯಾನಿಷ್ ಬರುವ ಮೊದಲೇ ಮೆಕ್ಸಿಕೊದಲ್ಲಿದ್ದ ನಹುವಾಟ್ಲ್ ಭಾಷೆಯದ್ದು. ಟೊಮೇಟೊ, ಅವಕಾಡೊ, ಇಂಗ್ಲಿಷಿನ ಚಿಲ್ಲಿ, ಈ ಪದಗಳೂ ಅಲ್ಲಿಂದಲೇ ಬಂದವು. ನಮ್ಮ ಸಾರಿನ ಮೆಣಸಿನಕಾಯಿಯ ತವರೂ ಆ ಕಡೆಯದೇ ಅಂತ ಹೇಳಿದಾಗ ನನ್ನ ಮಗಳು ನಂಬಲೇ ಇಲ್ಲ.

ಎಲ್ಲರಿಗೂ ಲೊಟೆರಿಯಾ. ಇದು ಮೆಕ್ಸಿಕೊದ ಮನೆಮನೆಯ ಆಟ, ನಮ್ಮ ಹೌಸಿಯ ಹಾಗೆ. ಅಂಕಿಯ ಬದಲು ಚಿತ್ರ. 54 ಕಾರ್ಡು, ಪ್ರತಿಯೊಬ್ಬರ ಪಟ್ಟಿಯಲ್ಲಿ 16 ಚಿತ್ರ. ಕಾರ್ಡು ಎತ್ತುವವರು ಹುಂಜ, ಏಣಿ, ಚಂದ್ರ ಅಂತ ನೇರವಾಗಿ ಹೆಸರು ಹೇಳಿದರೆ ಮಜಾ ಇಲ್ಲ. ಒಗಟಿನ ಹಾಗೆ ಒಂದು ಸಾಲು ಹಾಡಬೇಕು. ಮಕ್ಕಳು ಊಹಿಸಿ ಒಣ ಬೀನ್ಸ್ ಇಡಬೇಕು. ಮನೆಗಳಲ್ಲಿ ಇದನ್ನು ಹಾಡೋ ಅಜ್ಜಿಯರು ಇದ್ದೇ ಇರ್ತಾರೆ, ಹುಡುಕಿ. ಒಂದು ಎಚ್ಚರ: ಪೆಟ್ಟಿಗೆಯನ್ನು ಹಾಗೇ ಕ್ಲಾಸಿಗೆ ಒಯ್ಯಬೇಡಿ. ಹಳೆಯ ಕಾರ್ಡುಗಳಲ್ಲಿ ಕುಡುಕನಿದ್ದಾನೆ, ಕಪ್ಪು ಹುಡುಗ ಅನ್ನೋ ಹೆಸರಿನ ಕಾರ್ಡಿದೆ, ಅಮೆರಿಕದ ಮೂಲನಿವಾಸಿಯಾದ ಅಪಾಚೆ ಇದ್ದಾನೆ. ಮೊದಲೇ ತೆಗೆದಿಡಿ. ಪಟ್ಟಿಯಲ್ಲೂ ಆ ಚಿತ್ರಗಳಿರುತ್ತವೆ. ಅದಕ್ಕೇ ನಾವು ಮಕ್ಕಳ ಕೈಲೇ ಹೊಸ ಪಟ್ಟಿ ಬರೆಸಿದೆವು. ಅವರು ಶಾಲೆಯ ಬಸ್ಸು, ಬೆಲ್ಲು, ಕೆಫೆಟೇರಿಯಾದ ಪಿಜ್ಜಾ ಎಲ್ಲಾ ಸೇರಿಸಿದರು. ಆ ಗ್ವಾಟೆಮಾಲಾದ ತಾಯಿಯ ಅತ್ತೆ, ಕಿಚೆ ಅಜ್ಜಿಗೆ ಈ ಆಟ ಹೊಸದು. ಮೊದಲು ಮೂಲೆಯಲ್ಲಿ ಕೂತು ನೋಡಿದರು. ಆಮೇಲೆ ಚಿತ್ರ ಬಂದಾಗಲೆಲ್ಲಾ ಅದರ ಹೆಸರನ್ನು ಕಿಚೆಯಲ್ಲಿ ಮೆಲ್ಲಗೆ ಹೇಳತೊಡಗಿದರು. ಪಕ್ಕದ ಮೇಜಿನ ಮಕ್ಕಳು ಅದನ್ನೇ ಕೂಗಿದರು. ಅವರ ಮೊಮ್ಮಗ ಮಾತ್ರ ನಾಚಿಕೆಯಿಂದ ಮೇಜಿನ ಕೆಳಗೆ ಇಳಿದಿದ್ದ. ಐದು ನಿಮಿಷಕ್ಕೆ ಎದ್ದು ಬಂದು, ನೀವೆಲ್ಲಾ ತಪ್ಪು ಹೇಳ್ತಿದೀರಿ ಅಂತ ಉಳಿದವರನ್ನು ತಿದ್ದಿದ.

ದೊಡ್ಡ ಮಕ್ಕಳಿಗೆ ಒಂದು ಕತೆ. ಅದು ನಡೆದದ್ದು ಇದೇ ರಾಜ್ಯದಲ್ಲಿ. 1940ರ ದಶಕದಲ್ಲಿ ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮೆಂಡೆಜ್ ಅನ್ನೋ ಕುಟುಂಬ ಹೊಲ ಗುತ್ತಿಗೆ ಹಿಡಿಯಿತು. ಹೊಲದ ಯಜಮಾನರು ಜಪಾನ್ ಮೂಲದ ಮುನೆಮಿತ್ಸು ಮನೆಯವರು. ಯುದ್ಧದ ಕಾಲ, ಸರ್ಕಾರ ಅವರನ್ನು ಶಿಬಿರಕ್ಕೆ ಹಾಕಿತ್ತು. ಆ ಮನೆಯ ಮಕ್ಕಳ ಸೋದರತ್ತೆ ಸೊಲೆಡಾಡ್ ತನ್ನ ಮಕ್ಕಳನ್ನೂ ಸಹೋದರನ ಮಕ್ಕಳನ್ನೂ ಹತ್ತಿರದ ಶಾಲೆಗೆ ಸೇರಿಸಲು ಹೋದರು. ಬಣ್ಣ ತಿಳಿಯಾಗಿದ್ದ ಅವರ ಮಕ್ಕಳಿಗೆ ಸೀಟು ಸಿಕ್ಕಿತು. ಸಹೋದರನ ಮಗಳು ಸಿಲ್ವಿಯಾ ಮತ್ತು ಅವಳ ತಮ್ಮಂದಿರಿಗೆ, ನೀವು ಮೆಕ್ಸಿಕನ್ ಶಾಲೆಗೆ ಹೋಗಿ ಅಂದರು. ಅತ್ತೆ ಎಲ್ಲರನ್ನೂ ಕರೆದುಕೊಂಡು ವಾಪಸ್ ಬಂದರು. ಸಿಲ್ವಿಯಾಳ ಅಪ್ಪ ಗೊನ್ಸಾಲೊ ಮೆಕ್ಸಿಕೊದವರು, ಅಮ್ಮ ಫೆಲಿಸಿಟಾಸ್ ಪೋರ್ಟೊ ರಿಕೊದವರು. ಇನ್ನೂ ನಾಲ್ಕು ಕುಟುಂಬಗಳ ಜೊತೆ 1945ರಲ್ಲಿ ಕೋರ್ಟಿಗೆ ಹೋಗಿ, 1947ರ ಅಪೀಲಿನಲ್ಲೂ ಗೆದ್ದರು. ಅದೇ ವರ್ಷ ಗವರ್ನರ್ ಅರ್ಲ್ ವಾರೆನ್, ಏಷ್ಯಾ ಮೂಲದ ಮಕ್ಕಳನ್ನು ಬೇರೆ ಕೂರಿಸಲು ಬಿಡುತ್ತಿದ್ದ ಕಾನೂನನ್ನೂ ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು. ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡುವಂತಿಲ್ಲ ಅಂತ 1954ರಲ್ಲಿ ಇಡೀ ದೇಶಕ್ಕೆ ಬ್ರೌನ್ ತೀರ್ಪು ಬರೆದವರೂ ಇದೇ ವಾರೆನ್.

ಇದನ್ನು ಐದನೇ ಕ್ಲಾಸಿಗೆ ಹೇಳುವಾಗ ಒಂದು ಕಡೆ ನಿಲ್ಲಿಸಿ. "ನಿಮಗೆ ಸೀಟು, ಇವರಿಗಿಲ್ಲ" ಅಂದ ಜಾಗದಲ್ಲಿ. ಅತ್ತೆಯ ಜಾಗದಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ ಅಂತ ಕೇಳಿ ಸುಮ್ಮನಿರಿ. ನಾನು ಕೇಳಿದಾಗ ಒಬ್ಬ ಹುಡುಗ, ಸಿಕ್ಕ ಸೀಟು ತಗೊಳ್ಳೋದು ತಾನೇ ಅಂದ. ಅಲ್ಲಿಂದ ಇಪ್ಪತ್ತು ನಿಮಿಷ ಜಗಳ. ಅಷ್ಟು ಒಳ್ಳೆಯ ಕ್ಲಾಸು ಆ ತಿಂಗಳಲ್ಲಿ ಬೇರೆ ಆಗಲಿಲ್ಲ.

ಗೋಡೆಗೆ ದೊಡ್ಡವರ ಚಿತ್ರ ಬೇಕು ಅಂದರೆ ನಾಲ್ಕು ಸಾಕು, ಆದರೆ ಪ್ರತಿಯೊಬ್ಬರ ಬಗ್ಗೆಯೂ ನೆನಪಲ್ಲಿ ಉಳಿಯುವ ಒಂದು ಮಾತು ಇರಲಿ. ಉದಾಹರಣೆಗೆ, ಗಗನಯಾತ್ರಿ ಎಲೆನ್ ಒಚೋವಾ 1993ರಲ್ಲಿ ಬಾಹ್ಯಾಕಾಶಕ್ಕೆ ಹೋದಾಗ ಕೊಳಲು ಒಯ್ದು ನುಡಿಸಿದರು. ಬೇಸ್‌ಬಾಲ್ ಆಟಗಾರ ರೊಬರ್ಟೊ ಕ್ಲೆಮೆಂಟೆ, ಭೂಕಂಪವಾದ ನಿಕರಾಗುವಾಕ್ಕೆ ಸಾಮಾನು ಒಯ್ಯುವಾಗ 1972ರ ಕೊನೆಯ ದಿನ ವಿಮಾನ ಬಿದ್ದು ತೀರಿಕೊಂಡರು. ಪುಸ್ತಕ ಹುಡುಕೋರು, ಲ್ಯಾಟಿನೊ ಬದುಕಿನ ಮಕ್ಕಳ ಪುಸ್ತಕಗಳಿಗೆ ಕೊಡುವ ಪ್ಯೂರಾ ಬೆಲ್‌ಪ್ರೆ ಪ್ರಶಸ್ತಿಯ ಪಟ್ಟಿ ನೋಡಿ, 1996ರಿಂದ ಇದೆ. ಬೆಲ್‌ಪ್ರೆ ನ್ಯೂಯಾರ್ಕಿನ ಸಾರ್ವಜನಿಕ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಪೋರ್ಟೊ ರಿಕೊದ ಮಹಿಳೆ.

ಊಟದ ಬಗ್ಗೆ ಜಾಸ್ತಿ ಆಸೆ ಬೇಡ. ನಮ್ಮಲ್ಲಿ ಮನೆಯಲ್ಲಿ ಮಾಡಿದ್ದನ್ನು ಕ್ಲಾಸಿಗೆ ಒಯ್ಯುವಂತಿಲ್ಲ. ಅಂಗಡಿಯದ್ದು, ಸೀಲ್ ಒಡೆಯದ್ದು, ಹಿಂದೆ ಏನೇನಿದೆ ಅಂತ ಬರೆದದ್ದೇ ಬೇಕು. ಕಡಲೆಬೀಜ ಇರೋ ಸಿಹಿಯನ್ನು ಮುಟ್ಟಲೇಬೇಡಿ. ಊಟ ಬೇಕೇ ಬೇಕು ಅಂದರೆ ಶನಿವಾರ ಪಾರ್ಕಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ನಮಗೆ ಎಲ್ ಸಾಲ್ವಡಾರ್‌ನ ಪುಪುಸಾ ಸಿಕ್ಕಿತು, ಒಳಗೆ ಬೀನ್ಸ್, ಚೀಸ್ ತುಂಬಿದ ದಪ್ಪ ರೊಟ್ಟಿ. ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಟಮಾಲೆಯೂ ಸಿಕ್ಕಿತು. ಅಮ್ಮ ಇದ್ದಿದ್ದರೆ ಎಲೆ ಬಿಡಿಸಿ ನೋಡಿ, ಇದು ಕಡುಬು ಕಣೇ ಅಂತಿದ್ದರು.

ಇನ್ನೊಂದು ಮಾತು, ಟೀಚರ್‌ಗಳಿಗೆ ಮೊದಲೇ ಹೇಳಿಡಿ: ಕ್ಲಾಸಿನಲ್ಲಿರೋ ಒಂದೇ ಒಂದು ಮಗುವನ್ನು ಎಬ್ಬಿಸಿ "ನಿಮ್ಮ ಸಂಸ್ಕೃತಿ ಬಗ್ಗೆ ಹೇಳು" ಅನ್ನಬೇಡಿ. ಕೈ ಎತ್ತಿದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಹೆಸರು ಮಾತ್ರ ಸರಿಯಾಗಿ ಕರೀರಿ. ಬಹಳ ಮಕ್ಕಳಿಗೆ ಎರಡು ಮನೆತನದ ಹೆಸರಿರುತ್ತೆ, ಒಂದು ಅಪ್ಪನದ್ದು, ಒಂದು ಅಮ್ಮನದ್ದು. ಅದರಲ್ಲಿ ಒಂದನ್ನು ಮಿಡಲ್ ನೇಮ್ ಅಂತ ಕಿತ್ತು ಹಾಕೋದು ತಪ್ಪು. ಇನಿಷಿಯಲ್ ಬಿಡಿಸಿ ಹೇಳಿ ಸುಸ್ತಾದ ನಮಗೆ ಇದು ಗೊತ್ತಿರಬೇಕು, ಅಲ್ವಾ?

ಮರುವರ್ಷದಿಂದ ಚೀಟಿ ಬರೆಯೋದು, ಅಜ್ಜಿಯರನ್ನು ಕರೆತರೋದು ಎಲ್ಲಾ ಆ ಗ್ವಾಟೆಮಾಲಾದ ತಾಯಿ ಮತ್ತು ಅವರ ಇಬ್ಬರು ಗೆಳತಿಯರ ಕೈಲಿದೆ. ನನಗೆ ಉಳಿದದ್ದು ಬೀನ್ಸ್ ಎಣಿಸಿ ಪುಟ್ಟ ಚೀಲಕ್ಕೆ ತುಂಬೋ ಕೆಲಸ. ಪಟ್ಟಿಯಲ್ಲಿ 16 ಮನೆ ಇದ್ದರೂ ಚೀಲಕ್ಕೆ 20 ಹಾಕಿ. ನಾಲ್ಕು ಕೆಳಗೆ ಬಿದ್ದೇ ಬೀಳುತ್ತವೆ.