ಹಾನ್ಸ್ ದ್ವೀಪದ ದಡ ಹಿಡಿದದ್ದು ಹೀಗೆ

ಹಾನ್ಸ್ ದ್ವೀಪ ಇರುವುದೇ ಸುಮಾರು 1.3 ಚದರ ಕಿ.ಮೀ. ಉಚಿತವಾಗಿ ಸಿಗುವ ಯುರೋಪಿನ ಉಪಗ್ರಹಚಿತ್ರ ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್‌ನಲ್ಲಿ ಅದರ ದಡದ ಗೆರೆ ಹಿಡಿದು ನಕ್ಷೆ ಮಾಡುವುದು ಆಗದ ಮಾತು ಎಂದವರೇ ಹೆಚ್ಚು. ಲೆಕ್ಕ ಹಾಕಿ, ಹದಿಮೂರು ಸಾವಿರ ಪಿಕ್ಸೆಲ್ ಸಿಗುತ್ತವೆ. ಕೆನಡಾದ ಎಲ್ಸ್‌ಮಿಯರ್ ದ್ವೀಪ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಆ ಜನವಿಲ್ಲದ ಬಂಡೆಗೆ ಅಷ್ಟು ಸಾಕು, ನನ್ನ ನಕ್ಷೆ ಅದಕ್ಕೆ ಸಾಕ್ಷಿ.

ಖಾಸಗಿ ಕಂಪನಿಗಳ ಚಿತ್ರ ಕೊಳ್ಳಲು ಹೋದರೆ ಕನಿಷ್ಠ ಆರ್ಡರ್ ಸಾಮಾನ್ಯವಾಗಿ 25 ಚದರ ಕಿ.ಮೀ. ಹೆಚ್ಚುಕಡಿಮೆ ಎಲ್ಲ ದುಡ್ಡೂ ಸಮುದ್ರಕ್ಕೇ. ನನಗೆ ಖರ್ಚಾದದ್ದು ಒಂದು ಹಾರ್ಡ್ ಡಿಸ್ಕ್‌ಗೆ, ಐದು ಸಾವಿರದ ಆಸುಪಾಸು.

ನೀರು ಗುರುತಿಸುವ ಸೂಚ್ಯಂಕ ಎನ್‌ಡಿಡಬ್ಲ್ಯುಐ (ಬೆಲೆ ಒಂದು ಮಿತಿಗಿಂತ, ಸಾಮಾನ್ಯವಾಗಿ ಸೊನ್ನೆಗಿಂತ, ಮೇಲಿದ್ದರೆ ನೀರು) ಇಲ್ಲಿ ಕೈಕೊಡುತ್ತದೆ. ಹಿಮಕ್ಕೂ ಬೆಲೆ ಸೊನ್ನೆಗಿಂತ ಮೇಲೆಯೇ ಬರುವುದರಿಂದ ಬಂಡೆಬುಡದ ಹಿಮರಾಶಿಯೆಲ್ಲ ನೀರಾಗಿ ದ್ವೀಪ ಕುಗ್ಗುತ್ತದೆ. ಮಿತಿ ಏರಿಸಿದರೆ ದಡಕ್ಕಂಟಿದ ಮಂಜುಗಡ್ಡೆಯೂ ನೆಲವಾಗುತ್ತದೆ. ಕೆಲಸಕ್ಕೆ ಬಂದದ್ದು ಬಿ11, ಅಂದರೆ ಸೆಂಟಿನೆಲ್-2ರ ಕಿರುತರಂಗ ಅವಗೆಂಪು ಪಟ್ಟಿ: ನೀರು, ಹಿಮ, ಮಂಜುಗಡ್ಡೆ ಮೂರೂ ಕಪ್ಪು, ಕಲ್ಲು ಮಾತ್ರ ಬಿಳುಪು. ಅದು 20 ಮೀಟರ್, ಹಾಗಾಗಿ ಅಂಚನ್ನು 10 ಮೀಟರ್‌ನ ಬಿ8 (ಸಮೀಪ ಅವಗೆಂಪು ಪಟ್ಟಿ) ನೋಡಿ ತಿದ್ದಬೇಕು.

ಇನ್ನೊಂದು ಕಾಟ ನೆರಳು. ಆಗಸ್ಟ್ ನಡುವಿನಲ್ಲೂ ಸೂರ್ಯ ಏರುವುದು ಹೆಚ್ಚೆಂದರೆ 24 ಡಿಗ್ರಿ. ನೂರು ಮೀಟರ್ ಬಂಡೆಗೋಡೆಗೆ 225 ಮೀಟರ್ ನೆರಳು, ಅಂದರೆ ಇಪ್ಪತ್ತೆರಡು ಪಿಕ್ಸೆಲ್ ಹಾಳು. ಅದಕ್ಕೇ ಹಲವು ವರ್ಷಗಳ ಆಗಸ್ಟ್ ಮೊದಲರ್ಧದ ಚಿತ್ರಗಳನ್ನು ಪೇರಿಸಿ ಪ್ರತಿ ಪಿಕ್ಸೆಲ್‌ನಲ್ಲಿ ಬಿ11ರ ಮೇಲ್ಮಟ್ಟದ ಪರ್ಸೆಂಟೈಲ್ (ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ಗರಿಷ್ಠಕ್ಕಿಂತ ತುಸು ಕೆಳಗಿನದು) ತೆಗೆದೆ. ಗರಿಷ್ಠವನ್ನೇ ತೆಗೆದರೆ ಮೋಡ ನುಗ್ಗುತ್ತದೆ. ಎಷ್ಟನೇ ಪರ್ಸೆಂಟೈಲ್ ಎಂಬುದು ನನ್ನಲ್ಲೇ ಇರಲಿ.

ವಿಸ್ತೀರ್ಣದಲ್ಲಿ ಎಚ್ಚರ. ಆನ್‌ಲೈನ್ ನಕ್ಷೆಗಳ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ ಅಳೆದರೆ 39 ಪಟ್ಟು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಉತ್ತರ ಧ್ರುವ ಪ್ರದೇಶದ ಪ್ರಕ್ಷೇಪ ಇಪಿಎಸ್‌ಜಿ 3413 ಮಾತ್ರ ಸದ್ದಿಲ್ಲದೆ ಮೋಸ ಮಾಡುತ್ತದೆ: ಅದರ ಅಳತೆ ನಿಜವಾಗುವುದು 70 ಡಿಗ್ರಿ ಅಕ್ಷಾಂಶದಲ್ಲಿ, ದ್ವೀಪ ಇರುವುದು 80.8ರಲ್ಲಿ. ಶೇ. 5ರಷ್ಟು ಕಡಿಮೆಯಾಗಿ 1.3 ಇದ್ದದ್ದು 1.24 ಆಗುತ್ತದೆ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎಲಿಪ್ಸಾಯಿಡ್ (ಭೂಮಿಯ ಚಪ್ಪಟೆ ಗೋಳದ ಗಣಿತ ಮಾದರಿ) ಮೇಲಿನ ವಿಸ್ತೀರ್ಣವನ್ನೇ ತೆಗೆಯಿರಿ.

ಜೊತೆಗೆ ಆರ್ಕ್ಟಿಕ್ ನೆಲದ ಎತ್ತರದ ದತ್ತಾಂಶ ಆರ್ಕ್ಟಿಕ್‌ಡೆಮ್ ಮೇಲೂ ಕೈಯಾಡಿಸಿದೆ. 2022ರ ಜೂನ್ 14ರ ಒಪ್ಪಂದದಲ್ಲಿ ಕೆನಡಾ ಮತ್ತು ಡೆನ್ಮಾರ್ಕ್ ಈ ದ್ವೀಪ ಹಂಚಿಕೊಂಡದ್ದು ಉತ್ತರ-ದಕ್ಷಿಣವಾಗಿ ಸಾಗುವ ಕೊರಕಲಿನ ಗುಂಟ. ಅದರಿಂದ ಮಾಡಿದ 2 ಮೀಟರ್ ಹಿಲ್‌ಶೇಡ್‌ನಲ್ಲಿ (ಕೃತಕ ಬೆಳಕು ಬಿಟ್ಟು ಏರುತಗ್ಗು ತೋರಿಸುವ ಚಿತ್ರ) ಕೊರಕಲು ಚೆನ್ನಾಗಿ ಕಾಣಬೇಕಾದರೆ ಬೆಳಕು ಪಶ್ಚಿಮದಿಂದ ಬೀಳಬೇಕು. 3413ರಲ್ಲಿ ನಿಜವಾದ ಉತ್ತರ 21 ಡಿಗ್ರಿ ಬಲಕ್ಕೆ ವಾಲಿರುವುದರಿಂದ ಅಜಿಮತ್ (ಬೆಳಕಿನ ದಿಕ್ಕಿನ ಕೋನ) 270 ಅಲ್ಲ, 291 ಕೊಡಿ. ಆರ್ಕ್ಟಿಕ್‌ಡೆಮ್‌ನ ಎತ್ತರಗಳೂ ಎಲಿಪ್ಸಾಯಿಡ್‌ನಿಂದ ಅಳೆದವು, ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟದ ಮಾದರಿ) ಎತ್ತರ ಕಳೆಯದೆ ಸಮುದ್ರಮಟ್ಟಕ್ಕೆ ಹೋಲಿಸಬೇಡಿ.