ಹಾಸ್ಯ ಕಾದಂಬರಿಯ ಮುಖಪುಟದಲ್ಲಿ ಯಾರೂ ನಗಬಾರದು

ಹಾಸ್ಯ ಕಾದಂಬರಿ ಅಂದ ಕೂಡಲೇ ದಪ್ಪ ಮೂಗು, ಹಲ್ಲು ಕಿಸಿದ ಮುಖ, ಹಳದಿ ಹಿನ್ನೆಲೆ, ಕುಣಿಯುವ ಅಕ್ಷರ. ದಯವಿಟ್ಟು ಇದಿಷ್ಟನ್ನೂ ಬಿಡಿ. ಚಿತ್ರದಲ್ಲಿರುವವನೇ ನಕ್ಕುಬಿಟ್ಟರೆ ಓದುವವರಿಗೆ ಏನು ಉಳಿಯುತ್ತದೆ? ಒಳ್ಳೆಯ ಹಾಸ್ಯ ಕಾದಂಬರಿಯ ಪಾತ್ರಗಳಿಗೆ ತಾವು ತಮಾಷೆಯ ಜನ ಅಂತ ಗೊತ್ತೇ ಇರುವುದಿಲ್ಲ. ಎಡವಟ್ಟನ್ನೂ ಬಹಳ ಶ್ರದ್ಧೆಯಿಂದ ಮಾಡುತ್ತಿರುತ್ತಾರೆ. ಮುಖಪುಟದ ಚಿತ್ರದಲ್ಲಿ ಆ ಶ್ರದ್ಧೆಯನ್ನು ಬರೆಯಿರಿ.

ಮೊದಲು ಪುಸ್ತಕ ಪೂರ್ತಿ ಓದಬೇಕು, ಬೆನ್ನುಡಿ ಓದಿದರೆ ಸಾಲದು. ನಗು ಬಂದ ಕಡೆಯೆಲ್ಲ ನಿಲ್ಲಿಸಿ, ಅಲ್ಲಿ ಯಾವ ವಸ್ತು ಇತ್ತು ಅಂತ ಗುರುತು ಹಾಕಿಕೊಳ್ಳಿ. ಮಾತಿನ ಚಟಾಕಿ ಚಿತ್ರಕ್ಕೆ ಸಿಗುವುದಿಲ್ಲ, ವಸ್ತು ಸಿಗುತ್ತದೆ.

ಇಂಗ್ಲಿಷ್ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ 1889ರಲ್ಲಿ ತಂದ 'ಥ್ರೀ ಮೆನ್ ಇನ್ ಎ ಬೋಟ್' ಕಾದಂಬರಿ ತೆಗೆದುಕೊಳ್ಳಿ. ಹೆಸರು ಕೇಳಿದರೆ ಸಾಕು, ದೋಣಿ, ಮೂವರು, ಒಂದು ನಾಯಿ ಬರೆಯೋಣ ಅಂತ ಕೈ ತಾನಾಗಿ ಹೊರಡುತ್ತದೆ. ಆದರೆ ಒಳಗೆ ಅನಾನಸ್ ಡಬ್ಬಿಯ ಪ್ರಸಂಗ ಇದೆ. ಡಬ್ಬಿ ತೆರೆಯುವ ಸಾಧನ ತಂದಿಲ್ಲ. ಚಾಕು ಆಯಿತು, ಕತ್ತರಿ ಆಯಿತು, ಕಲ್ಲು ಇಟ್ಟು ಹಾಯಿಯ ಕಂಬದಿಂದ ಬಡಿದದ್ದೂ ಆಯಿತು, ಜನರಿಗೆ ಗಾಯ, ಡಬ್ಬಿ ಮಾತ್ರ ತೆರೆಯಲಿಲ್ಲ, ಕೊನೆಗೆ ನದಿಗೆ ಎಸೆದರು. ನಾನಾದರೆ ಮೈಯೆಲ್ಲ ತಗ್ಗುಬಿದ್ದ ಆ ಡಬ್ಬಿ ಒಂದನ್ನೇ ಮುಖಪುಟದ ನಡುವೆ ಇಡುತ್ತೇನೆ, ರಾಜನ ಭಾವಚಿತ್ರ ಬರೆದಷ್ಟು ಗೌರವದಿಂದ. ಮನುಷ್ಯರು ಬೇಕೇ ಬೇಕು ಅಂದರೆ ಕಂಬ ಮೇಲೆತ್ತಿದ ಗಳಿಗೆ ಬರೆಯಿರಿ, ಬಿದ್ದ ಗಳಿಗೆ ಬೇಡ. ಇನ್ನೇನು ಆಗುತ್ತದೆ ಅಂತ ನೋಡುವವರೇ ಊಹಿಸಿಕೊಳ್ಳಲಿ. ಆಮೇಲೆ ಒಂದು ಎಚ್ಚರ: ಕಾಲ ನೋಡಿಕೊಳ್ಳಿ. ಈಗಿನ ಡಬ್ಬಿಯ ಫೋಟೋ ನೋಡಿ ಬರೆಯಲು ಹೋಗಿ ಮೇಲಿನ ಎಳೆಯುವ ಉಂಗುರವನ್ನೂ ಬರೆದುಬಿಟ್ಟರೆ ಇಡೀ ಪ್ರಸಂಗವೇ ಸುಳ್ಳಾಯಿತು ಅಲ್ವಾ!

ಕಂಪ್ಯೂಟರ್ ಮುಂದೆ ಕೂರುವ ಮುಂಚೆ ಪೆನ್ಸಿಲ್‌ನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಹತ್ತಾರು ಕರಡು ಹಾಕಿ. ಈ ಅಳತೆಯಲ್ಲಿ ಅರ್ಥವಾಗದ ಚಿತ್ರ ಆನ್‌ಲೈನ್ ಅಂಗಡಿಯ ಪಟ್ಟಿಯಲ್ಲೂ ಅರ್ಥವಾಗುವುದಿಲ್ಲ. ಕೂದಲೆಳೆಯಂಥ ಗೆರೆಗಳು ಅಲ್ಲಿ ಮಾಯವಾಗುತ್ತವೆ, ಹಾಗಾಗಿ ಹೊರಗೆರೆ ದಪ್ಪ ಇರಲಿ, ಕುಸುರಿ ಒಳಗಿರಲಿ. ಬಣ್ಣ ಕಪ್ಪಿನ ಜೊತೆ ಎರಡೋ ಮೂರೋ ಸಾಕು.

ಶೀರ್ಷಿಕೆಯ ಜಾಗವನ್ನು ಕರಡಿನಲ್ಲೇ ಬಿಡಿ. ಕನ್ನಡ ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಾಲುಗಳ ನಡುವೆ ಸುಮ್ನೆ ಜಾಗ ಹೆಚ್ಚಿಸಿದರೆ ಶೀರ್ಷಿಕೆ ಚದುರಿದ ಹಾಗೆ ಕಾಣುತ್ತದೆ, ಅದರ ಬದಲು ಅಕ್ಷರಗಳನ್ನು ಕೈಯಲ್ಲೇ ಬರೆದು, ಒತ್ತು ಬರುವ ಕಡೆ ಕೆಳಗಿನ ಅಕ್ಷರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡನ್ನೂ ಹೊಂದಿಸಿ. ಕೈಬರಹ ಒಲಿಯದಿದ್ದರೆ ಯೂನಿಕೋಡ್ ಫಾಂಟ್ ಹಾಕಿ. ಅಡೋಬಿ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಕಂಡರೆ ಅದರಲ್ಲೇ ಇರುವ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ 'ವರ್ಲ್ಡ್-ರೆಡಿ ಕಂಪೋಸರ್' ಆಯ್ಕೆಯನ್ನು ಆರಿಸಿಕೊಳ್ಳಿ. ಇಂಕ್‌ಸ್ಕೇಪ್ ಅನ್ನುವ ಉಚಿತ ಚಿತ್ರ ತಂತ್ರಾಂಶದಲ್ಲಿ ಆ ರಗಳೆ ಇಲ್ಲ.

ಇನ್ನು ಮುದ್ರಣದ ಲೆಕ್ಕ. ಚಿತ್ರ ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ), ಬಣ್ಣ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ), ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಅಂಚು ಕತ್ತರಿಸುವಾಗ ಹೋಗಲಿ ಅಂತ ಬಿಡುವ ಹೆಚ್ಚುವರಿ ಚಿತ್ರ. ಪುಸ್ತಕದ ಬೆನ್ನಿನ ಅಗಲ ಕಾಗದದ ದಪ್ಪದ ಮೇಲೆ ನಿಂತಿದೆ: 240 ಪುಟ ಅಂದರೆ 120 ಹಾಳೆ, ಒಂದು ಹಾಳೆ 0.1 ಮಿ.ಮೀ. ಇದ್ದರೆ ಬೆನ್ನು 12 ಮಿ.ಮೀ. ಕಾಗದ ಬದಲಾದರೆ ಇದೂ ಬದಲಾಗುತ್ತದೆ, ಹಾಗಾಗಿ ಪ್ರೆಸ್ಸಿನವರನ್ನು ಕೇಳದೆ ಅಂತಿಮ ಮಾಡಬೇಡಿ. ಹಿಂಬದಿಯಲ್ಲಿ ಬಾರ್‌ಕೋಡ್‌ಗೆ ಬಿಳಿ ಜಾಗ ಬಿಡಿ. ಬಿಟ್ಟಿಲ್ಲ ಅಂದರೆ ಬೇರೆ ಯಾರೋ ಬಂದು ನೀವು ಬರೆದ ನಾಯಿಯ ಮುಖದ ಮೇಲೇ ಅದನ್ನು ಅಂಟಿಸುತ್ತಾರೆ.