ಪಂದಿಕರಿಗೆ ಶಿರಾಜ್: ಒಂಬತ್ತು ಊಟಗಳ ನನ್ನ ಅನುಭವ

ಮೊನ್ನೆ ಶನಿವಾರ ನಮ್ಮನೆ ಊಟದಲ್ಲಿ ಶಿರಾಜ್ ಅನ್ನುವ ರೆಡ್ ವೈನಿನ ಬಾಟಲಿ ತಳ ಕಂಡಿತು. ಆರು ಜನ, ಏಳು ಸುತ್ತು ತಿನಿಸು, ಐದು ವೈನು. ನಮ್ಮ ಅಡಿಗೆಗೆ ವೈನ್ ಜೋಡಿಸುವ ಇಂಥ ಊಟಗಳಲ್ಲಿ, ಮೂರು ವರ್ಷದಲ್ಲಿ ಇದು ಒಂಬತ್ತನೆಯದು. ಮೊದಲನೆಯದರಲ್ಲಿ 4,800 ರೂಪಾಯಿ ಕೊಟ್ಟು ತಂದ ಫ್ರಾನ್ಸಿನ ಬೋರ್ಡೋ ರೆಡ್ ವೈನು ಅರ್ಧವೂ ಖರ್ಚಾಗದೆ ಮಾರನೆಯ ದಿನ ಮಟನ್ ಬೇಯಿಸುವ ಪಾತ್ರೆಗೆ ಹೋಗಿತ್ತು. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ ಅನ್ನೋದನ್ನು ಬರೆದಿಡುತ್ತಿದ್ದೇನೆ. ನಮ್ಮ ಊಟಕ್ಕೂ ವೈನಿಗೂ ಆಗಿಬರೋದಿಲ್ಲ ಅಂತ ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ.

ಅವರಲ್ಲಿ ಮೊದಲನೆಯವನು ದೊಡ್ಡ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ವೈನ್ ಬಡಿಸಿದ ಸ್ನೇಹಿತ. "ನಮ್ಮದು ಬಿಯರ್ ಊಟ ಕಣಯ್ಯಾ, ಸುಮ್ಮನೆ ದುಡ್ಡು ಯಾಕೆ ಕಳೀತೀಯ?" ಅಂದಿದ್ದ. ಎರಡನೆಯವನು ನನ್ನ ಭಾವಮೈದ. ನನ್ನ ಹೆಂಡತಿ ಕೊಡಗಿನವಳು, ನಾನು ಮಂಡ್ಯ ಕಡೆಯವನು. ಹಾಗಾಗಿ ನಮ್ಮನೆಯಲ್ಲಿ ಪಂದಿಕರಿಯೂ ಉಂಟು, ಮುದ್ದೆಯೂ ಉಂಟು. "ಭಾವ, ಪಂದಿಕರಿಗೆ ರಮ್ ಬಿಟ್ಟು ಈ ದ್ರಾಕ್ಷಿ ನೀರು ಯಾಕೆ?" ಅಂತ ಅವನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮೊನ್ನೆ ಮೇಜಿಗೆ ಇಬ್ಬರೂ ಬಂದಿದ್ದರು.

ಈ ಹುಚ್ಚು ಹತ್ತಿದ್ದು ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ ಬೆಂಗಳೂರಿನ ಒಂದು ಫೈನ್ ಡೈನಿಂಗ್ ರೆಸ್ಟೋರೆಂಟಿಗೆ ಹೋದಾಗ. ಹನ್ನೊಂದು ಸುತ್ತಿನ ಊಟ, ಜೊತೆಗೆ ವೈನು, ಇಬ್ಬರಿಗೆ ಸುಮಾರು 17,000 ಬಿಲ್ಲು. ಅಲ್ಲಿನ ಕೆಲವು ಸಂಗತಿ ನನಗೆ ಬಹಳ ಇಷ್ಟವಾದವು. ತಟ್ಟೆಗಳನ್ನು ಬಿಸಿ ಮಾಡಿಯೇ ತರುತ್ತಿದ್ದರು, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಮಾತಾಡಲು ಸಮಯ ಬಿಡುತ್ತಿದ್ದರು, ವೈನನ್ನು ಎರಡು ಗುಟುಕಿನಷ್ಟೇ ಸುರಿಯುತ್ತಿದ್ದರು. ಆದರೆ ತಟ್ಟೆಯಲ್ಲಿದ್ದ ಊಟ ಯಾವ ಊರಿನದೂ ಆಗಿರಲಿಲ್ಲ. ನೊರೆ, ಪುಡಿ, ಚಿಮುಟದಲ್ಲಿ ಇಟ್ಟ ಎಲೆ. ಹನ್ನೊಂದರಲ್ಲಿ ಒಂದನ್ನಾದರೂ ಇನ್ನೊಮ್ಮೆ ತಿನ್ನಬೇಕು ಅನ್ನಿಸಲಿಲ್ಲ. ಇಷ್ಟು ದುಡ್ಡಿಗೆ ಮನೆಯಲ್ಲಿ ಎರಡು ಊಟ ಹಾಕಬಹುದು, ಅದೂ ನಮ್ಮ ಅಡಿಗೆಯಲ್ಲೇ, ಅಂತ ಕಾರಿನಲ್ಲೇ ತೀರ್ಮಾನವಾಯಿತು.

ಮೊದಲ ಊಟದಲ್ಲಿ ಆಗಬಹುದಾದ ತಪ್ಪೆಲ್ಲ ಆಯಿತು. ಬಂಗುಡೆ ಫ್ರೈಗೂ ಕೋಳಿ ಗಸಿಗೂ ಅದೇ ಬೋರ್ಡೋ. ಬಂಗುಡೆ ತಿಂದು ಒಂದು ಗುಟುಕು ಕುಡಿದರೆ ಕಬ್ಬಿಣದ ಬಾಣಲೆ ನೆಕ್ಕಿದ ಹಾಗೆ. ರೆಡ್ ವೈನಿನಲ್ಲಿರುವ ಕಬ್ಬಿಣದ ಅಂಶಕ್ಕೆ ಎಣ್ಣೆ ಮೀನು ಸೇರಿದರೆ ಹೀಗಾಗುತ್ತದೆ ಅಂತ ಆಮೇಲೆ ಓದಿಕೊಂಡೆ. ಗಸಿಯದಂತೂ ಇನ್ನೂ ಕಷ್ಟ. ಗುಂಟೂರು ಮೆಣಸಿನಕಾಯಿಯ ಖಾರಕ್ಕೆ ಆಲ್ಕೋಹಾಲ್ ಬಿದ್ದು ನಾಲಿಗೆ ಉರಿ, ದ್ರಾಕ್ಷಿ ಸಿಪ್ಪೆಯಿಂದ ಬರುವ ಟ್ಯಾನಿನ್ ಸೇರಿ ಒಗರು. ಎಲ್ಲರೂ ನೀರಿನ ಜಗ್ಗಿಗೆ ಕೈ ಹಾಕಿದರು. ಅಂದಿನ ಖರ್ಚು ಒಟ್ಟು 14,000 ಹತ್ತಿರ, ಗ್ಲಾಸುಗಳೂ ಸೇರಿ. ಆರು ಗ್ಲಾಸಿಗೆ 2,400 ಕೊಟ್ಟಿದ್ದೆ. ಈಗ ಅದರಲ್ಲಿ ಎರಡು ಉಳಿದಿವೆ.

ಎರಡನೆಯ ಸಲ ಸಿಹಿ ವೈನಿಗೆ ಹಾರಿದೆ. ಖಾರ ತಣ್ಣಗಾಯಿತು ನಿಜ, ಆದರೆ ಮೂರನೆಯ ಸುತ್ತಿಗೇ ಎಲ್ಲರ ಬಾಯಿ ಕಟ್ಟಿಹೋಯಿತು. ಮೂರನೆಯ ಊಟಕ್ಕೆ ಅಂಗಡಿಯೇ ಕೈಕೊಟ್ಟಿತು. ಬೀದಿ ಕಡೆಗೆ ಗಾಜಿನ ಶೋಕೇಸ್, ಬಾಟಲಿಗಳೆಲ್ಲ ಬಿಸಿಲಲ್ಲಿ ನೆಟ್ಟಗೆ ನಿಂತಿದ್ದವು. ನನಗೆ ಆಗ ಗೊತ್ತಾಗಬೇಕಿತ್ತು. ಮೂರು ಬಾಟಲಿಯಲ್ಲಿ ಎರಡು ಬೆಂದುಹೋಗಿದ್ದವು, ವೈನಿನಲ್ಲಿ ಒಣದ್ರಾಕ್ಷಿ ಕುದಿಸಿದ ವಾಸನೆ. ವಾಪಸ್ ಒಯ್ದರೆ, "ಸಾರ್, ವೈನ್ ಅಂದ್ರೆ ಹಂಗೇ ಇರೋದು" ಅಂದರು. ಸುಮಾರು 3,000 ಹೋಯಿತು. ಈಗ ಕಾರ್ಕ್ ಒಂದು ಕೂದಲೆಳೆ ಮೇಲೆ ಬಂದಿದ್ದರೂ, ಕುತ್ತಿಗೆ ಹತ್ತಿರ ಅಂಟು ಕಂಡರೂ ಬಾಟಲಿ ಅಲ್ಲೇ ಬಿಟ್ಟು ಬರುತ್ತೇನೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಸ್ಕ್ರೂ ಕ್ಯಾಪ್ ಇರೋದನ್ನೇ ಕೊಳ್ಳೋದು ಕ್ಷೇಮ. ಒಳ್ಳೆ ಅಂಗಡಿ ಯಾವುದು ಅಂತ ಮಾತ್ರ ಕೇಳಬೇಡಿ. ಅಲ್ಲಿ ಲೇಟ್ ಹಾರ್ವೆಸ್ಟ್ ಅನ್ನುವ, ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನು ಬರೋದೇ ತಿಂಗಳಿಗೆ ಆರೇಳು ಬಾಟಲಿ.

ಮೂರು ಊಟ ಕೆಟ್ಟ ಮೇಲೆ ಬೇರೆ ವೈನು ಹುಡುಕೋದನ್ನೇ ಬಿಟ್ಟೆ. ಬದಲಾಯಿಸಬೇಕಾದ್ದು ಅಡಿಗೆಯ ಖಾರ ಮತ್ತು ಹುಳಿ ಅಂತ ತಿಳಿದದ್ದು ಒಂದು ಸಾಮಾನ್ಯ ಬುಧವಾರ ರಾತ್ರಿ. ಮನೆಯಲ್ಲಿ ಗುಂಟೂರು ಖಾಲಿ, ಡಬ್ಬದಲ್ಲಿ ಬ್ಯಾಡಗಿ ಮಾತ್ರ ಇತ್ತು. ಹೆಂಡತಿ ಅದನ್ನೇ ರುಬ್ಬಿ ಕಾಣೆ ಮೀನಿಗೆ ಹಚ್ಚಿದಳು. ಫ್ರಿಜ್ಜಿನಲ್ಲಿ ಸೋವಿನ್ಯೋನ್ ಬ್ಲಾಂಕ್ ಅನ್ನುವ ವೈಟ್ ವೈನು ಕಾಲು ಬಾಟಲಿ ಉಳಿದಿತ್ತು. ಮೀನಿನ ತುಂಡು ಬಾಯಿಗಿಟ್ಟು ಒಂದು ಗುಟುಕು ಕುಡಿದವನು ಹಾಗೇ ಕೂತುಬಿಟ್ಟೆ. ಮಸಾಲೆಯ ಬಣ್ಣ, ಹುರಿದ ಘಮ ಎಲ್ಲ ಇದೆ, ಉರಿ ಇಲ್ಲ. ವೈನಿನ ಹುಳಿ ನಿಂಬೆಹಣ್ಣು ಹಿಂಡಿದ ಹಾಗೆ ಮೀನಿನ ಮೇಲೆ ಬಿತ್ತು.

ಮಾರನೆಯ ಭಾನುವಾರ ಒಂದೇ ಕೋಳಿ ಸಾರನ್ನು ನಾಲ್ಕು ಪಾತ್ರೆಯಲ್ಲಿ ಮಾಡಿಸಿದೆ. ಗುಂಟೂರು ಒಂದರಲ್ಲಿ, ಬ್ಯಾಡಗಿ ಬೀಜ ಸಮೇತ ಒಂದರಲ್ಲಿ, ಬೀಜ ಉದುರಿಸಿದ ಬ್ಯಾಡಗಿ ಒಂದರಲ್ಲಿ, ನಾಲ್ಕನೆಯದರಲ್ಲಿ ಬೀಜ ತೆಗೆದ ಬ್ಯಾಡಗಿಯ ಜೊತೆ ಕಾಳುಮೆಣಸು. ಹೆಂಡತಿಗೆ ಸಿಟ್ಟು ಬಂದಿತ್ತು, ಅಷ್ಟು ಪಾತ್ರೆ ತೊಳೆದದ್ದು ನಾನೇ. ನಾಲ್ಕಕ್ಕೂ ಒಂದೇ ಶಿರಾಜ್ ಕುಡಿದು ನೋಡಿದೆವು. ಮೊದಲನೆಯದಕ್ಕೆ ವೈನು ಸತ್ತುಹೋಯಿತು. ನಾಲ್ಕನೆಯದಕ್ಕೆ ವೈನಿನೊಳಗಿನ ಮೆಣಸಿನ ಘಮ ಎದ್ದು ಬಂತು.

ಇದಕ್ಕೆ ಕಾರಣವೂ ಇದೆ. ರೊಟಂಡೋನ್ ಅನ್ನುವ ಒಂದೇ ವಸ್ತು ಕಾಳುಮೆಣಸಿನಲ್ಲೂ ಇದೆ, ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಆಸ್ಟ್ರೇಲಿಯಾದವರು 2008ರಲ್ಲಿ ಇದನ್ನು ಪತ್ತೆ ಮಾಡಿದ್ದು. ಐದು ಜನರಲ್ಲಿ ಒಬ್ಬರಿಗೆ ಈ ವಾಸನೆ ಮೂಗಿಗೇ ಹತ್ತೋದಿಲ್ಲವಂತೆ. ನಮ್ಮ ಗುಂಪಿನಲ್ಲೂ ಒಬ್ಬರಿದ್ದಾರೆ. ಎಲ್ಲರೂ "ಮೆಣಸು, ಮೆಣಸು" ಅನ್ನುವಾಗ ಅವರು ಗ್ಲಾಸು ತಿರುಗಿಸಿ ತಿರುಗಿಸಿ ಮೂಸಿ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಈಗ ನಾನು ಲಾ ರಿಸರ್ವ್ ಅನ್ನುವ ರೆಡ್ ವೈನು ಸುರಿಯುತ್ತೇನೆ. ಅದರಲ್ಲಿ ಕ್ಯಾಬರ್ನೆ ದ್ರಾಕ್ಷಿಯೂ ಇರೋದರಿಂದ ಹಿಡಿಯಲು ಬೇರೆ ಘಮಗಳಿವೆ.

ಹುಳಿಯ ವಿಷಯಕ್ಕೆ ಬರೋಣ. ಹುಣಸೆಹಣ್ಣಿನ ಎದುರಿಗೆ ಹೆಚ್ಚಿನ ವೈನುಗಳು ಸಪ್ಪೆಯಾಗುತ್ತವೆ, ನಾನು ಮಾಡದ ಪ್ರಯತ್ನವಿಲ್ಲ. ಕೊನೆಗೆ ವೈನ್ ಇರುವ ಸುತ್ತುಗಳಿಂದ ಹುಣಸೆಯನ್ನೇ ಹೊರಗೆ ಹಾಕಿದೆ. ನಿಂಬೆ ಸರಿ, ಟೊಮೇಟೊ ಕಡಿಮೆ ಇದ್ದರೆ ಸರಿ, ಅತ್ತೆ ಮಡಿಕೇರಿಯಿಂದ ಕಳಿಸುವ ಕಾಚಂಪುಳಿಯಂತೂ ಬಂಗಾರ. ಕಪ್ಪಗೆ, ಗಟ್ಟಿಯಾಗಿ, ಸ್ವಲ್ಪ ಹೊಗೆಯ ವಾಸನೆ ಇರುವ ಆ ಹುಳಿ ಪಂದಿಕರಿಯ ಕೊಬ್ಬನ್ನೂ ಕತ್ತರಿಸುತ್ತದೆ, ಶಿರಾಜಿಗೂ ಜೊತೆಯಾಗುತ್ತದೆ. ಎಷ್ಟು ಹಾಕಬೇಕು, ಒಲೆ ಆರಿಸುವ ಮುಂಚಿನ ಹತ್ತು ನಿಮಿಷ ಏನು ಮಾಡುತ್ತೇನೆ ಅನ್ನೋದು ನನ್ನಲ್ಲೇ ಇರಲಿ. ಅದಕ್ಕೆ ನನ್ನದು ಎರಡು ವರ್ಷ ಹೋಗಿದೆ.

ಈಗಿನ ಏಳು ಸುತ್ತು ಹೀಗಿವೆ. ಬಿಸಿ ಆಂಬೊಡೆಗೆ ಸ್ಪಾರ್ಕ್ಲಿಂಗ್ ವೈನು. ಎಣ್ಣೆ, ಉಪ್ಪು, ಗುಳ್ಳೆ ಮೂರೂ ಸೇರಿದರೆ ಅದರ ಖುಷಿಯೇ ಬೇರೆ. ಆಮೇಲೆ ಕಾಣೆ ಫ್ರೈ, ಪಕ್ಕದಲ್ಲಿ ಎರಡು ಚಮಚ ಹೆಸರುಬೇಳೆ ಕೋಸಂಬರಿ, ಜೊತೆಗೆ ಸೋವಿನ್ಯೋನ್ ಬ್ಲಾಂಕ್. ಮೂರನೆಯದು ಸಣ್ಣ ಲೋಟದಲ್ಲಿ ಮೆಣಸಿನ ತಿಳಿಸಾರು, ವೈನ್ ಇಲ್ಲ. ಹುಣಸೆಗೆ ಇಲ್ಲಿ ಮಾತ್ರ ಜಾಗ, ಬಾಯಿಯೂ ತೊಳೆದ ಹಾಗಾಗುತ್ತದೆ. ನಂತರ ನಾಟಿ ಕೋಳಿ ಸಾರು, ನಿಂಬೆಹಣ್ಣಿನ ಗಾತ್ರದ ಮುದ್ದೆ, ತಣ್ಣನೆಯ ರೋಸೆ ಅನ್ನುವ ತಿಳಿಗೆಂಪು ವೈನು. ಮುದ್ದೆಯ ಬಗ್ಗೆ ಹೋಟೆಲ್ ಸ್ನೇಹಿತ ತಲೆ ಅಲ್ಲಾಡಿಸಿದ್ದ. ಆದರೆ ಅದರಲ್ಲಿ ಉಪ್ಪಿಲ್ಲ, ಸಿಹಿಯಿಲ್ಲ, ಹುಳಿಯಿಲ್ಲ. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಮುದ್ದೆಯಷ್ಟು ಒಳ್ಳೆಯದು ಫ್ರಾನ್ಸಿನವರ ಬ್ರೆಡ್ಡೂ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಐದನೆಯದು ಪಂದಿಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಶಿರಾಜ್. ಆರನೆಯದು ಶುಂಠಿ ಹಾಕಿದ ಮೊಸರನ್ನ, ಮತ್ತೆ ವೈನ್ ಇಲ್ಲ. ಕೊನೆಗೆ ಒಬ್ಬಟ್ಟು, ಲೇಟ್ ಹಾರ್ವೆಸ್ಟ್ ಶೆನಿನ್.

ಒಬ್ಬಟ್ಟು ನನ್ನನ್ನು ನಾಲ್ಕು ಊಟ ಕಾಡಿದೆ. ವೈನಿಗಿಂತ ಒಬ್ಬಟ್ಟು ಸಿಹಿಯಾದರೆ ವೈನು ಹುಳಿ ಹೊಡೆಯುತ್ತದೆ. ಹೂರಣಕ್ಕೆ ಬೆಲ್ಲ ಮೂರನೇ ಒಂದು ಪಾಲು ಕಡಿಮೆ ಮಾಡಿದೆ, ಒಬ್ಬಟ್ಟು ಅಂಗೈ ಅಗಲಕ್ಕೆ ಇಳಿಸಿದೆ, ತುಪ್ಪ ಮಾತ್ರ ಧಾರಾಳ. ಜೊತೆಗೆ ಹೂರಣಕ್ಕೆ ಇನ್ನೊಂದು ಚಿಟಿಕೆ ಬೀಳುತ್ತದೆ. ಅದೇನು ಅಂತ ಅಮ್ಮನಿಗೂ ಹೇಳಿಲ್ಲ.

ಒಬ್ಬರಿಗೆ ಒಂದು ಸುತ್ತಿಗೆ 60 ಮಿ.ಲೀ. ಅಷ್ಟೇ ಸುರಿಯುತ್ತೇನೆ. ಆರು ಜನಕ್ಕೆ ಅರ್ಧ ಬಾಟಲಿ ಆಗುತ್ತದೆ. ಉಳಿದ ಅರ್ಧವನ್ನು ಆ ಗಳಿಗೆಯಲ್ಲೇ, ಊಟ ಮುಗಿಯುವವರೆಗೂ ಕಾಯದೆ, ಲೇಟ್ ಹಾರ್ವೆಸ್ಟಿನ 375 ಮಿ.ಲೀ. ಖಾಲಿ ಬಾಟಲಿಗೆ ಕಂಠದವರೆಗೆ ತುಂಬಿ ಫ್ರಿಜ್ಜಿಗಿಡುತ್ತೇನೆ. ಗಾಳಿಗೆ ಜಾಗವಿಲ್ಲದಿದ್ದರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ವ್ಯಾಕ್ಯೂಮ್ ಪಂಪಿಗೆ 1,200 ಕೊಟ್ಟಿದ್ದೆ, ಅದು ಡ್ರಾಯರಿನಲ್ಲಿದೆ. ರೆಡ್ ವೈನನ್ನು ಬಡಿಸುವ ಮುಂಚೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟೇ ತೆಗೆಯೋದು. ರೂಮ್ ಟೆಂಪರೇಚರ್ ಅನ್ನುವ ಮಾತು ಯುರೋಪಿನ ಚಳಿ ಮನೆಗಳದ್ದು, ನಮ್ಮ 28 ಡಿಗ್ರಿಯದ್ದಲ್ಲ. 16ರಿಂದ 18ರೊಳಗೆ ಇದ್ದರೆ ಅದೇ 1,100 ರೂಪಾಯಿಯ ಬಾಟಲಿ 2,000ದ ಹಾಗೆ ಕುಡಿಸುತ್ತದೆ. ಹದಿನೆಂಟು ಬಾಟಲಿಯ ಕೂಲರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 7,000ಕ್ಕೆ. ಇಷ್ಟೆಲ್ಲ ಖರ್ಚಿನಲ್ಲಿ ನಾನು ಕೊಂಡ ನಿಜವಾದ ಸಾಮಾನು ಅಂದರೆ ಅದೊಂದೇ.

ನಡುವೆ ಬೇರೆ ಕಡೆಯೂ ಕೈ ಹಾಕಿದ್ದೇನೆ. ವೈನಿಗೆ ಗಾಳಿ ಆಡಿಸುವ ಡಿಕ್ಯಾಂಟರ್ ಪಾತ್ರೆಯ ಬದಲು ಎರಡು ಸ್ಟೀಲ್ ಚೊಂಬಿನಲ್ಲಿ ಕಾಫಿ ಆರಿಸುವ ಹಾಗೆ ಎತ್ತಿ ಎತ್ತಿ ಹೊಯ್ದು ನೋಡಿದೆ. ಎಳೆಯ ಕ್ಯಾಬರ್ನೆಗೆ ಚೆನ್ನಾಗಿ ಆಯಿತು, ಶಿರಾಜಿನ ಘಮ ಹಾರಿಹೋಯಿತು. ಕೊಡಗಿನಿಂದ ತಂದ ಶುಂಠಿ ವೈನನ್ನು ಮೊಸರನ್ನಕ್ಕೆ ಇಟ್ಟೆ, ಯಾರೂ ಎರಡನೆಯ ಗುಟುಕು ಮುಟ್ಟಲಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯ ಅಗ್ಗದ ಪೋರ್ಟನ್ನು ಮೈಸೂರು ಪಾಕಿಗೆ ಕೊಟ್ಟರೆ ಆ ದ್ರಾಕ್ಷಿಯ ಜೋರು ವಾಸನೆಗೂ ತುಪ್ಪಕ್ಕೂ ಜಗಳ. ಅದೇ ಪೋರ್ಟಿಗೆ ಕಡಲೆಕಾಯಿ ಮಿಠಾಯಿ ತಿಂದು ನೋಡಿ, 300 ರೂಪಾಯಿಯೊಳಗಿನ ಸುಖ. ಒಂದು ಫೆಬ್ರವರಿಯಲ್ಲಿ ನಂದಿ ಬೆಟ್ಟದ ಬುಡದ ಗ್ರೋವರ್ ತೋಟಕ್ಕೂ ಹೋಗಿದ್ದೆವು, ಕೊಯ್ಲಿನ ಕಾಲ. 1988ರಿಂದ ನಡೆಯುತ್ತಿರುವ ಸಂಸ್ಥೆ ಅದು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ, ಬೇಸಿಗೆಯಲ್ಲೊಂದು, ಮಳೆ ಮುಗಿಯುವಾಗ ಇನ್ನೊಂದು. ಅದನ್ನು ನೋಡಿ ಬಂದ ಮೇಲೆ ಫ್ರಾನ್ಸಿನ ಬಾಟಲಿಗೆ ನಾನು ದುಡ್ಡು ಹಾಕಿಲ್ಲ. ನಂದಿಯದು, ಹಂಪಿ ಬೆಟ್ಟಗಳ ಕಡೆಯ ಕೃಷ್ಮ ತೋಟದ ಸಾಂಜಿಯೋವೆಸೆ ರೆಡ್ ವೈನು, ನಾಸಿಕದ ಶೆನಿನ್ ಇಷ್ಟರಲ್ಲೇ ಮೇಜು ತುಂಬುತ್ತದೆ.

ಮೊನ್ನೆಯ ಲೆಕ್ಕ ಹೇಳಿಬಿಡುತ್ತೇನೆ. ವೈನಿಗೆ 5,500 ಚಿಲ್ಲರೆ, ಮೀನು, ಮಾಂಸ, ನಾಟಿ ಕೋಳಿ ಎಲ್ಲ ಸೇರಿ 2,800 ಇರಬೇಕು, ಉಳಿದದ್ದು ಸಣ್ಣಪುಟ್ಟದ್ದು. ತಲೆಗೆ 1,500 ಹತ್ತಿರ ಬಿತ್ತು. ಆ ರೆಸ್ಟೋರೆಂಟಿನಲ್ಲಿ ನಮ್ಮಿಬ್ಬರದು ತಲೆಗೆ 8,500.

ಶಿರಾಜ್ ಬಾಟಲಿಯನ್ನು ಅಂದು ಅರ್ಧಕ್ಕೆ ನಿಲ್ಲಿಸಲಾಗಲಿಲ್ಲ. ನಾನು ಉಳಿದದ್ದನ್ನು ಸಣ್ಣ ಬಾಟಲಿಗೆ ತುಂಬಲು ಎದ್ದರೆ ಹೋಟೆಲ್ ಸ್ನೇಹಿತ ಕೈ ಅಡ್ಡ ಹಿಡಿದು ತನ್ನ ಗ್ಲಾಸು ಮುಂದೆ ತಳ್ಳಿದ. ಕಡಂಬುಟ್ಟಿನ ಚೂರಿನಲ್ಲಿ ತಟ್ಟೆಯ ಮಸಾಲೆ ಒರೆಸಿ ಬಾಯಿಗಿಟ್ಟು, ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಣಸು ಎಲ್ಲೀದು?" ಅಂತ ಕೇಳಿದ. "ನಮ್ಮ ತೋಟದ್ದೇ," ಅಂತ ಉತ್ತರ ಕೊಟ್ಟವನು ಭಾವಮೈದ. ಅವನು ತಂದಿದ್ದ ರಮ್ ಸೀಲು ಒಡೆಯದೆ ವಾಪಸ್ ಮಡಿಕೇರಿಗೆ ಹೋಯಿತು.

ಹತ್ತನೆಯ ಊಟ ಜನವರಿಗೆ. ಆ ಹೊತ್ತಿಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ, ಹಿತಕಿದ ಬೇಳೆ ಸಾರು ಮಾಡಲೇಬೇಕು. ಅವರೆಯ ಸೊಗಡಿಗೆ ವಿಯೋನ್ಯೇ ಅನ್ನುವ ವೈಟ್ ವೈನು ಅಂತ ನನ್ನ ಮನಸ್ಸು ಹೇಳುತ್ತಿದೆ, ಹೆಂಡತಿ ರೋಸೆಯೇ ಇರಲಿ ಅನ್ನುತ್ತಿದ್ದಾಳೆ. ಎರಡೂ ಬಾಟಲಿ ತಂದು ಕೂಲರಿನ ಕೆಳಗಿನ ಸಾಲಿನಲ್ಲಿ ಮಲಗಿಸಿದ್ದೇನೆ.